ನೀಲವ್ವನ ಕೈಯ ಓಲಾಟ

ಮಷಿನ್ ಡ್ರಮ್ಮಿನ ಅಳೆದಿಟ್ಟಂಥ ಪೆಟ್ಟುಗಳಿಗೆ ಯಾರೂ ಕುಣಿಯುತ್ತಿರಲಿಲ್ಲ. ಅದರೊಳಗೆ ಮನುಷ್ಯರ ಕೈಯ ಓಲಾಟವನ್ನೇ, ಆ ಚೂರು ಹಿಂದುಮುಂದಾಗುವ ಲಯವನ್ನೇ, ಇಳಿಸಬೇಕಿತ್ತು. ಇಳಿಸಿದ ಮೇಲೆ ಅದು ಆ ಕೈಯಲ್ಲಿ ಉಳಿಯುತ್ತಿರಲಿಲ್ಲ. ಧಾರವಾಡದ ಡೊಳ್ಳಿನವರೆಲ್ಲ ತಮ್ಮ ಓಲಾಟ ಕೊಟ್ಟಾಗಿತ್ತು. ಕೊನೆಗೆ ಡೊಳ್ಳು ಬಾರಿಸುವ ನೀಲವ್ವನೂ ಸ್ಟುಡಿಯೋಗೆ ಹೋಗಿ ತನ್ನದನ್ನು ಕೊಟ್ಟುಬಂದಳು.

ಮರುದಿನ ಮಧ್ಯಾಹ್ನ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಟ್ಟಿದಳು. ಕೈ ಗಡಿಯಾರದ ಹಾಗೆ ಒಂದೇ ಸಮ ಬೀಳುತ್ತಿತ್ತು. ಕೂಸು ಅಳು ನಿಲ್ಲಿಸಲಿಲ್ಲ.

“ಡೊಳ್ಳು ಹೋದ್ರ ಹೋಗ್ಲಿ ಅಂದಿದ್ದೆ,” ಎಂದಳು ಗಂಡನಿಗೆ. “ಇದೂ ಹೋಗ್ತದಂತ ಗೊತ್ತಿರಲಿಲ್ಲ.”

ಸಿದ್ರಾಮ ಫೋನಿನಲ್ಲಿ ಸ್ಟುಡಿಯೋದ ಹೊಸ ಹಾಡು ಹಚ್ಚಿದ. ಡ್ರಮ್ಮಿನ ಪೆಟ್ಟು, ನಿನ್ನೆಯವರೆಗೆ ಅವಳು ಕೂಸನ್ನು ತಟ್ಟುತ್ತಿದ್ದ ಹಾಗೆಯೇ, ಚೂರು ತಡವಾಗಿ, ಚೂರು ಮೆತ್ತಗೆ ಬೀಳತೊಡಗಿತು. ಕೂಸು ಫೋನಿನತ್ತ ಹೊರಳಿ ನಿದ್ದೆಹೋಯಿತು.

ಎಲ್ಲಿ ಎಚ್ಚರಾದೀತೋ ಎಂದು ನೀಲವ್ವ ತನ್ನ ಕೈ ತೆಗೆದಳು.