ಕಳ್ಳನಿಗಾಗಿ ಕಾದ ಕಾರು

ಕಾರಿನ ಬಾಗಿಲು ಹಾಕಿದವನು ಸರಸರನೆ ನಡೆದ. ತಿರುಗಿ ನೋಡಲಿಲ್ಲ. ನೋಡಿದರೆ ಯಾರಾದರೂ, ‘ಸಾರ್, ಕೀ ಅಲ್ಲೇ ಬಿಟ್ರಿ’ ಎಂದುಬಿಡಬಹುದು. ಒಳ್ಳೆಯವರ ಕಾಟ ಎಲ್ಲ ಕಡೆಯೂ ಇರುತ್ತದೆ.

ಬೀದಿಯನ್ನು ಅವನು ಅಳೆದೂ ಸುರಿದೂ ಆರಿಸಿದ್ದ. ಮಾರುಕಟ್ಟೆಯ ಹಿಂದಿನ ಗುಜರಿ ಅಂಗಡಿಗಳ ಸಾಲು ಅದು. ಇಲ್ಲಿ ಬೆಳಿಗ್ಗೆ ನಿಲ್ಲಿಸಿದ ಸೈಕಲ್ಲು ಸಂಜೆಗೆ ಚಕ್ರ ಒಂದಂಗಡಿ, ಹ್ಯಾಂಡಲ್ಲು ಇನ್ನೊಂದಂಗಡಿ ಎಂದು ಪಾಲಾಗಿರುತ್ತದೆ ಎಂಬ ಖ್ಯಾತಿ ಈ ಬೀದಿಗಿತ್ತು.

ಅವನು ಬಣ್ಣದ ಕಂಪನಿಯೊಂದರ ಸೇಲ್ಸ್‌ಮನ್. ಡಬ್ಬಗಳನ್ನು ತುಂಬಿಕೊಂಡು ಅಂಗಡಿಯಿಂದ ಅಂಗಡಿಗೆ ಸುತ್ತಬೇಕು. ಕಾರಿಲ್ಲದವನಿಗೆ ಆ ಕೆಲಸವೂ ಇಲ್ಲ. ಕಾರೋ, ಕ್ಲಚ್ಚು ಸವೆದು, ಗೇರು ಹಾಕಿದಾಗಲೆಲ್ಲ ಹಲ್ಲು ಕಡಿಯುತ್ತಿತ್ತು. ಮೆಕ್ಯಾನಿಕ್ಕು ಕೆಳಗೆ ತೂರಿ, ಹೊರಗೆ ಬಂದು, ಕೈ ಒರೆಸಿಕೊಳ್ಳುತ್ತ ಒಂದು ಮೊತ್ತ ಹೇಳಿದ. ಮನೆಮಂದಿಯೆಲ್ಲ ಊಟ ಬಿಟ್ಟು ಕೂತರೂ ಉಳಿಸಲಾಗದ ಮೊತ್ತ. ಮಗಳ ಶಾಲೆಯ ಫೀಜು ಬೇರೆ ಬಾಯಿ ತೆರೆದುಕೊಂಡು ನಿಂತಿತ್ತು.

ಕೊನೆಗೆ ವಿಮೆಯ ಏಜೆಂಟನನ್ನು ಕೇಳಿದ.

“ಸವೆದದ್ದಕ್ಕೆಲ್ಲ ದುಡ್ಡು ಬರಲ್ಲ. ಕಳುವಾದ್ರೆ ಪೂರ್ತಿ ಬರುತ್ತೆ,” ಎಂದ ಏಜೆಂಟ್. “ಆಗ್ಲೂ ಕಾರಿನ ಕಂಪನಿ ಕೊಟ್ಟಿದ್ದ ಎರಡೂ ಕೀ ತಂದು ಒಪ್ಪಿಸ್ಬೇಕು. ಕೀ ಕಾರಲ್ಲೇ ಬಿಟ್ಟಿದ್ರೆ ಬಿಡಿಗಾಸೂ ಸಿಗಲ್ಲ.”

ಏಜೆಂಟ್ ಎಚ್ಚರಿಕೆ ಎಂದು ಹೇಳಿದ್ದನ್ನು ಅವನು ಸಲಹೆ ಎಂದು ತೆಗೆದುಕೊಂಡ. ಅಂದೇ ಕೀ ಮಾಡುವವನ ಹತ್ತಿರ ಹೋಗಿ ಇನ್ನೊಂದು ಮಾಡಿಸಿಕೊಂಡ. ಈಗ ಕಾರಿನಲ್ಲಿ ತೂಗಾಡುತ್ತಿದ್ದದ್ದು ಅದೇ. ಕಂಪನಿಯ ಎರಡೂ ಅವನ ಜೇಬಿನಲ್ಲಿ ಭದ್ರವಾಗಿದ್ದವು.

ಸಂಜೆ ಬಂದು ನೋಡಿದರೆ ಕಾರಿಲ್ಲ. ನಿಂತಿದ್ದ ಜಾಗದಲ್ಲಿ ಒಂದಿಷ್ಟು ಎಣ್ಣೆಯ ಕಲೆ. ಅವನಿಗೆ ಕುಣಿದಾಡುವಷ್ಟು ಖುಷಿಯಾಯಿತು. ಮುಖವನ್ನು ಹೇಗೋ ಸಪ್ಪಗೆ ಮಾಡಿಕೊಂಡು ಪೊಲೀಸ್ ಠಾಣೆಗೆ ಹೋದ.

“ಲಾಕ್ ಮಾಡಿದ್ರಾ?” ಎಂದರು ಇನ್‌ಸ್ಪೆಕ್ಟರ್.

“ಮಾಡದೆ ಇರ್ತೀನಾ ಸಾರ್? ಇರೋದೇ ಎರಡು ಕೀ. ಎರಡೂ ನನ್ನ ಹತ್ರಾನೇ ಇವೆ.”

ಅದನ್ನೇ ಬರೆದು ಸಹಿ ಮಾಡಿದ.

ಮನೆಗೆ ಬಂದು, ಎಷ್ಟು ಹೊತ್ತಾಯಿತೆಂದು ಗೋಡೆ ನೋಡಿದರೆ ಬರೀ ಮೊಳೆ.

“ಗಡಿಯಾರ ಎಲ್ಲಿ?”

“ಅಪ್ಪ ತಗೊಂಡ್ಹೋದ್ರು,” ಎಂದಳು ಹೆಂಡತಿ. “ನಿಂತ್ಹೋಗಿತ್ತಲ್ಲ. ಹಳೇ ಕಾಲದ್ದು, ಅದರ ಸ್ಪ್ರಿಂಗ್ ಎಲ್ಲೂ ಸಿಗ್ತಿಲ್ವಂತೆ.”

ಅವನಿಗೆ ರೇಗಿತು. ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಮಾವನಿಗೆ ಇದೊಂದು ಚಾಳಿ. ಬಂದರೆ ಎರಡು ಮಾತಾಡುವುದಿಲ್ಲ, ಹೋಗುವಾಗ ಏನಾದರೊಂದು ಎತ್ತಿಕೊಂಡು ಹೋಗುತ್ತಾರೆ.

“ಒಂದು ಮಾತು ಕೇಳ್ಬಾರ್ದಾ?”

“ಅವರು ಯಾವತ್ತು ಕೇಳಿದ್ದಾರೆ? ಇಸ್ತ್ರಿಪೆಟ್ಟಿಗೆ ಹೋದಾಗ್ಲೂ ಹೀಗೇ ಕೂಗಾಡಿದ್ರಿ. ವಾಪಸ್ ಬಂತಲ್ಲ.” ಅವಳು ಹೊರಗೆ ಇಣುಕಿದಳು. “ಕಾರೆಲ್ಲಿ?”

ಅಂಗಡಿಯವನು ತಪ್ಪಿ ಹೆಚ್ಚು ಚಿಲ್ಲರೆ ಕೊಟ್ಟರೆ ಬಿಸಿಲಲ್ಲಿ ವಾಪಸ್ ಹೋಗಿ ಕೊಟ್ಟು ಬರುವ ಹೆಂಗಸು ಅವಳು. ಅವಳಿಗೆ ನಿಜ ಹೇಳುವ ಹಾಗಿರಲಿಲ್ಲ.

“ರಿಪೇರಿಗೆ ಹೋಗಿದೆ,” ಎಂದ. ಸುಳ್ಳು ಸಲೀಸಾಗಿ ಬಂತು.

ವಾರ ಕಳೆಯುವಷ್ಟರಲ್ಲಿ ಠಾಣೆಯಿಂದ ಫೋನು. “ನಿಮ್ಮ ಕಾರು ಸಿಕ್ತು. ಕಳ್ಳನೂ ಸಿಕ್ಕಿದ್ದಾನೆ. ಎರಡೂ ಕೀ ತಗೊಂಡು ಬನ್ನಿ.”

ಅವನು ತಲೆಯ ಮೇಲೆ ಕೈಹೊತ್ತು ಕೂತ. ಹೊಸ ಕಾರು, ಮಗಳ ಫೀಜು, ಎಲ್ಲ ಕೈಗೆ ಬಂದು ಜಾರಿದ್ದವು. ಹಳೆಯ ಕ್ಲಚ್ಚು ಮಾತ್ರ ಮತ್ತೆ ಕೊರಳಿಗೆ ಬಿತ್ತು.

ಠಾಣೆಯ ಮುಂದೆ ಕಾರು ತೊಳೆದಂತೆ ಹೊಳೆಯುತ್ತಿತ್ತು.

“ಇಂಥ ಕಳ್ಳನ್ನ ನಾನು ನೋಡೇ ಇಲ್ಲ,” ಎಂದರು ಇನ್‌ಸ್ಪೆಕ್ಟರ್. “ಕ್ಲಚ್ಚೇ ಬದಲಾಯಿಸಿದ್ದಾನೆ. ನಾನೇ ಓಡಿಸಿ ನೋಡ್ದೆ, ಗೇರು ಬೆಣ್ಣೆ ಹಾಗೆ ಬೀಳುತ್ತೆ.”

ಅವನಿಗೆ ಕಳ್ಳನ ಕೈಗೆ ಮುತ್ತಿಡಬೇಕೆನ್ನಿಸಿತು. ವಿಮೆ ಹೋದರೆ ಹೋಯಿತು, ರಿಪೇರಿ ಬಿಟ್ಟಿಯಾಯಿತು.

“ಆದ್ರೆ ಲಾಕ್ ಮುರಿದ ಗುರುತಿಲ್ಲ,” ಇನ್‌ಸ್ಪೆಕ್ಟರ್ ಮುಂದುವರಿಸಿದರು. “ಹೇಗೆ ತೆಗೆದೆ ಅಂದ್ರೆ ಬಾಯೇ ಬಿಡ್ತಿಲ್ಲ. ಮಾಲೀಕರು ಬರಲಿ, ಅವರ ಮುಂದೆ ಹೇಳ್ತೀನಿ ಅಂತಾನೆ.”

ಅವನು ಥಟ್ಟನೆ ಜೇಬಿಗೆ ಕೈಹಾಕಿದ. ಕಳ್ಳ ಬಾಯಿಬಿಟ್ಟರೆ ತನ್ನ ಸಹಿಗೆ ಸಂಚಕಾರ. ಕಳ್ಳನ ಮಾತಿಗಿಂತ ತನ್ನ ಮಾತು ಮೊದಲು ನಿಲ್ಲಬೇಕು. ಎರಡೂ ಕೀಗಳನ್ನು ಮೇಜಿನ ಮೇಲಿಟ್ಟ.

“ನೋಡಿ ಸಾರ್, ಎರಡೂ ಇಲ್ಲೇ ಇವೆ. ಮೂರನೇದು ಅಂತ ಇಲ್ವೇ ಇಲ್ಲ. ಅವನು ಏನು ಕಥೆ ಕಟ್ಟಿದ್ರೂ ನಂಬಬೇಡಿ. ಪಳಗಿದ ಕಳ್ಳ. ಒಳಗೆ ಹಾಕಿ.”

ಇನ್‌ಸ್ಪೆಕ್ಟರ್ ಸನ್ನೆ ಮಾಡಿದರು. ಕಾನ್‌ಸ್ಟೇಬಲ್ ಒಳಬಾಗಿಲು ತೆಗೆದ.

ಮೊದಲು ಕೇಳಿಸಿದ್ದು ಟಿಕ್ ಟಿಕ್ ಸದ್ದು. ಆಮೇಲೆ ಕಂಡದ್ದು ಅವನ ಮನೆಯ ಗಡಿಯಾರ. ಅದನ್ನು ಮಗುವಿನಂತೆ ಎದೆಗವಚಿಕೊಂಡು ಮಾವ ಹೊರಗೆ ಬಂದರು. ಅಳಿಯನನ್ನು ಕಂಡದ್ದೇ ಅವರ ಮುಖ ಅರಳಿತು.

“ಬಂದ್ರಾ ಅಳಿಯಂದಿರೇ. ಸ್ಪ್ರಿಂಗ್ ಹುಡುಕ್ಕೊಂಡು ಗುಜರಿ ಬೀದಿಗೆ ಹೋಗಿದ್ದೆ, ನಿಮ್ಮ ಕಾರು ಕಾಣಿಸ್ತು. ಕೀ ಅದರಲ್ಲೇ ಮರೆತುಬಿಟ್ಟಿದ್ರಿ. ಯಾರಾದ್ರೂ ಕದ್ದುಬಿಟ್ಟಾರು ಅಂತ ತಗೊಂಡ್ಹೋದೆ. ಅಲ್ಲೇ ಒಂದು ಒಳ್ಳೇ ಕ್ಲಚ್ಚೂ ಸಿಕ್ತು, ನಾನೇ ಕೂರಿಸ್ದೆ. ಖರ್ಚೇನೂ ಹೆಚ್ಚಾಗ್ಲಿಲ್ಲ.”

ಮದುವೆಯಾದಂದಿನಿಂದ ಅವರು ಅಳಿಯನ ಜೊತೆ ಇಷ್ಟು ಮಾತಾಡಿದ್ದು ಇದೇ ಮೊದಲು.

ಇನ್‌ಸ್ಪೆಕ್ಟರ್ ಡ್ರಾಯರ್ ಎಳೆದು, ಕಾರಿನಲ್ಲಿ ಸಿಕ್ಕ ಕೀಯನ್ನು ತೆಗೆದು, ಮೇಜಿನ ಮೇಲಿದ್ದ ಎರಡರ ಪಕ್ಕಕ್ಕೆ ಮೆಲ್ಲಗೆ ಇಟ್ಟರು.