ಇಳಿಯುವ ಗೆರೆ

ಸಂಶೋಧನೆಗೆ ಶಿಷ್ಯರನ್ನು ಆರಿಸಿಕೊಳ್ಳಲು ಮೇಷ್ಟ್ರು ಒಂದು ಉಪಾಯ ಹೂಡಿದ್ದರು. ಬಂದವರ ಕೈಗೆ ಶೀತಲ ಡಬ್ಬಿಯಲ್ಲಿಟ್ಟ ಒಂದು ಹರಳು ಕೊಟ್ಟು, "ಇದರಲ್ಲಿ ಶಾಖ ಹೇಗೆ ಹರಿಯುತ್ತೆ, ಕೆಳಗಿನ ಲ್ಯಾಬಲ್ಲಿ ಅಳೆದು ತನ್ನಿ. ತಣಿಸಿದಷ್ಟೂ ಸಲೀಸಾಗಿ ಹರಿಯುತ್ತೆ, ಗೊತ್ತಲ್ಲ," ಎನ್ನುವರು.

ಸುಳ್ಳು. ಅದು ಅನಿಲವನ್ನು ಪಂಜರದೊಳಗೆ ಹಿಡಿದಿಟ್ಟುಕೊಂಡ ಮಂಜುಗಡ್ಡೆ. ಒಳಗಿನ ಅಣುಗಳು ಗಿಲಕಿಯ ಕಾಳಿನಂತೆ ಅಲ್ಲಾಡಿ ಶಾಖದ ದಾರಿ ಕೆಡಿಸುತ್ತವೆ. ನೋಡಲು ಹರಳಾದರೂ ಅದರ ಗುಣ ಗಾಜಿನದು; ತಣಿಸಿದಷ್ಟೂ ಶಾಖ ಹರಿಯುವುದು ಕಡಿಮೆಯಾಗುತ್ತದೆ.

ಆ ವಾರ ಬಂದ ಮೂವರೂ ಮೇಷ್ಟ್ರು ಹೇಳಿದಂತೆಯೇ ತಣಿಸಿದಂತೆಲ್ಲ ಏರುವ ಗೆರೆಯ ಗ್ರಾಫ್ ಎಳೆದು ತಂದರು. ಮೇಷ್ಟ್ರು ಪೆನ್ನಿನ ತುದಿಯಿಂದ ಆ ಕಾಗದಗಳನ್ನು ಪಕ್ಕಕ್ಕೆ ತಳ್ಳಿದರು. ಮಂಡಿನೋವಿನಿಂದ ತಾವು ಲ್ಯಾಬಿನ ಮೆಟ್ಟಿಲು ಇಳಿದು ವರ್ಷವಾಗಿದ್ದರೂ ಕಳ್ಳರನ್ನು ಕುರ್ಚಿಯಲ್ಲಿ ಕೂತೇ ಹಿಡಿಯಬಲ್ಲರು.

"ಅಳೀದೇ ಬರ್ಕೊಂಡು ಬಂದಿದ್ದೀರಿ. ನೀವು ಕೊಟ್ಟ ಕಾಗದ ಮುಟ್ಟೋಕೂ ಹೇಸಿಗೆ ಆಗುತ್ತೆ ನನಗೆ. ಏಳಿ."

ನಾಲ್ಕನೆಯವಳು ಅಳುಕುತ್ತ ಇಳಿಯುವ ಗೆರೆಯನ್ನು ಮುಂದಿಟ್ಟಳು. "ನೀವು ಹೇಳಿದ್ದಕ್ಕೆ ಉಲ್ಟಾ ಬಂತು ಸಾರ್. ನಿನ್ನೆ ಮೂರು ಸಲ ಅಳೆದು ನೋಡಿದೆ."

ಮೇಷ್ಟ್ರು ಅವಳ ಅರ್ಜಿಯನ್ನು ಮುಂದಕ್ಕೆ ಎಳೆದುಕೊಂಡರು. "ಕೂತ್ಕೋಮ್ಮ. ಅಳೆದದ್ದನ್ನ ಅಳೆದ ಹಾಗೇ ಹೇಳೋರು ಇನ್ನೂ ಇದಾರಲ್ಲ. ಸೀಟು ನಿನಗೇ."

ಅವರು ಸಹಿ ಹಾಕಿ ಪೆನ್ನು ಮುಚ್ಚುವಷ್ಟರಲ್ಲಿ ಲ್ಯಾಬಿನ ಅಟೆಂಡರ್ ಬಾಗಿಲಲ್ಲಿ ಇಣುಕಿದ.

"ಸಾರ್, ರಿಪೇರಿಯವ್ರು ಈಗ ಬಂದವ್ರೆ. ಹೋದ ತಿಂಗಳು ಆಯುಧಪೂಜೆ ದಿನ ನೀರು ಹಾಕಿ ತೊಳೆದಾಗಿಂದ ಆ ಶಾಖ ಅಳೆಯೋ ಮಷಿನ್ನು ಒಂದ್ಸಲಾನೂ ಆನ್ ಆಗಿಲ್ಲ."