ಮುಟ್ಟುವ ಮೊದಲು

ಡಾಕ್ಟರಮ್ಮ ಯಲ್ಲಕ್ಕನ ಹೊಲಿಗೆಯ ಮೇಲಿನ ಬಟ್ಟೆ ಬಿಚ್ಚಿದರು. ಮತ್ತೆ ಕೀವು. ಮಗುವನ್ನು ಇವತ್ತೇ ಈ ವಾರ್ಡಿನಿಂದ ಹೊರಗೆ ಕಳಿಸಬೇಕು ಎಂದರು. ಪೆನಿಸಿಲಿನ್ ನಾಟುತ್ತಿಲ್ಲ; ಸಾಲಿನಲ್ಲಿದ್ದ ಬಾಣಂತಿಯರ ಗಾಯಕ್ಕೆಲ್ಲ ಇದೇ ಗತಿ. ಆಸ್ಪತ್ರೆಯೊಳಗೇ ಬೆಳೆದ ಕ್ರಿಮಿ, ಚುಚ್ಚುಮದ್ದಿಗೆ ಒಗ್ಗಿಹೋಗಿದೆ. ಬೇರೆ ಔಷಧಿ ಬೆಂಗಳೂರಿನಿಂದ ಬರಬೇಕು, ಅಲ್ಲಿಯತನಕ ತಾಯಿ ಇಲ್ಲಿರಲಿ, ಮಗು ಬೇಡ. ಮೂಲೆ ಮಂಚದ ಕೂಸಿನ ಮೈಮೇಲೆ ಆಗಲೇ ಕೀವುಗುಳ್ಳೆ ಎದ್ದಿವೆ. ಇಷ್ಟು ಹೇಳಿ, ಅದೇ ಕೈಯಲ್ಲಿ ಪಕ್ಕದ ಮಂಚದವಳ ಬಟ್ಟೆ ಬಿಚ್ಚತೊಡಗಿದರು.

ಯಲ್ಲಕ್ಕ ಮಗಳನ್ನು ಇನ್ನಷ್ಟು ಒತ್ತಿ ಹಿಡಿದಳು. ಹೊರಗೆ ಅಂದರೆ ಎಲ್ಲಿಗೆ ಎಂದು ಅವಳಿಗೆ ಗೊತ್ತಿತ್ತು. ಮಾಡದಕೆರೆ ಕಡೆಯ ಅವರ ಹಟ್ಟಿಯಲ್ಲಿ ಸೂತಕ ಕಳೆಯುವವರೆಗೆ ಹೆತ್ತವಳಿಗೂ ಹಸುಗೂಸಿಗೂ ಬೇಲಿಯಾಚೆಯ ಗುಡಿಸಲೇ ಗತಿ. ಅವರನ್ನು ಮುಟ್ಟಿದವರೂ ಹೊರಗೇ ಇರಬೇಕು. ಮೊದಲ ಕೂಸು ಆ ಗುಡಿಸಲಿನಲ್ಲಿ, ಜಡಿಮಳೆಯಲ್ಲಿ, ಅವಳ ಮಡಿಲಲ್ಲೇ ತಣ್ಣಗಾಗಿತ್ತು. ಅತ್ತೆ ಜುಂಜಮ್ಮ ಕೆಂಡದ ಮಡಕೆಯನ್ನು ದೂರದಲ್ಲಿಟ್ಟು ಹಿಂದೆ ಸರಿದಿದ್ದಳು. ಅದಕ್ಕೇ ಈ ಸಲ ಗಂಡ ಕಾಟಯ್ಯನನ್ನು ಕಾಡಿ ಬೇಡಿ, ದುರ್ಗದ ಬಸ್ಸು ಹತ್ತಿ ಬಂದು, ಸೂರಿರುವ ಜಾಗದಲ್ಲಿ ಹೆತ್ತಿದ್ದಳು.

ಜುಂಜಮ್ಮ ಈಗಲೂ ಹೊಸ್ತಿಲಾಚೆಗೇ ಕೂತಿದ್ದಳು. ಬಂದಾಗಿನಿಂದ ಸೊಸೆಯನ್ನಾಗಲಿ ಮೊಮ್ಮಗಳನ್ನಾಗಲಿ ಮುಟ್ಟಿರಲಿಲ್ಲ. ಮುದ್ದೆಯ ತಟ್ಟೆಯನ್ನು ನೆಲದ ಮೇಲಿಟ್ಟು ಕುರಿ ಕಾಯುವ ಕೋಲಿನಿಂದ ಒಳಗೆ ತಳ್ಳುತ್ತಿದ್ದಳು. “ಏನಜ್ಜಿ, ಮೊಮ್ಮಗಳು ಕಚ್ತಾಳಾ?” ಎಂದು ನರ್ಸ್ ದಿಲ್ಶಾದ್ ಬೇಗಂ ಛೇಡಿಸಿದರೆ, ಕೇಳಿಸದವಳ ಹಾಗೆ ಎಲೆಯಡಿಕೆ ಜಗಿಯುತ್ತಿದ್ದಳು.

ಡಾಕ್ಟರಮ್ಮ ಅಂದದ್ದನ್ನೆಲ್ಲ ದಿಲ್ಶಾದ್ ಇವತ್ತು ಜುಂಜಮ್ಮನಿಗೆ ಬಿಡಿಸಿ ಹೇಳಿದಳು. ಕುದಿಸಿ ಆರಿಸಿದ ಹಾಲು ಕುಡಿಸಬೇಕು, ಬೆಚ್ಚಗಿಡಬೇಕು, ಹಗಲೂ ರಾತ್ರಿ ಒಬ್ಬರು ಮಗ್ಗುಲಲ್ಲೇ ಇರಬೇಕು. ಕಾಟಯ್ಯನೋ, ಕುರಿ ಹೊಡೆದುಕೊಂಡು ಹಿರಿಯೂರು ಕಡೆ ಹೋದವನು ಯಾವ ಹೊಲದಲ್ಲಿ ಮಂದೆ ನಿಲ್ಲಿಸಿದ್ದಾನೋ ಗೊತ್ತಿಲ್ಲ.

“ಗುಡ್ಲಿಗೆ ಕಳ್ಸಲ್ಲ,” ಎಂದಳು ಯಲ್ಲಕ್ಕ. “ಏನಾದ್ರೂ ಆಗ್ಲಿ, ನನ್ ಕಣ್ಮುಂದೆ ಆಗ್ಲಿ.”

“ಆ ಮೂಲೆ ಕೂಸಿನ್ ಮೈ ನೋಡಿದೇನು?” ಎಂದಳು ಜುಂಜಮ್ಮ.

“ನೋಡ್ದೆ. ಗುಡ್ಲಾಗೆ ತಣ್ಣಗಾದ ಕೂಸೂ ನೋಡೀನಿ. ಅವತ್ತು ನಾನೊಬ್ಳೇ ಇದ್ನಲ್ಲತ್ತೆ, ಯಾರು ಬಂದ್ರಿ?”

ಪಕ್ಕದ ಮಂಚದವಳೂ ನರಳುವುದನ್ನು ನಿಲ್ಲಿಸಿ ಇತ್ತ ತಿರುಗಿದಳು. ಜುಂಜಮ್ಮ ಎದ್ದು ಹೊರಗೆ ಹೋಗಿ ಎಲೆಯಡಿಕೆ ಉಗಿದು ಬಂದಳು. ಬಂದವಳು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತಳು.

“ಈ ಸಲ ಗುಡ್ಲಾಗೆ ಕೂಸಿನ್ ಜೊತೆ ನಾನಿರ್ತೀನಿ,” ಎಂದಳು. “ಸೂತಕ ಕಳಿಯೋಗಂಟ ಹಟ್ಟಿ ಕಡೆ ತಲೆ ಹಾಕಲ್ಲ. ನನ್ಗೂ ದೂರದಿಂದ್ಲೇ ಮುದ್ದೆ ತಳ್ಳಲಿ ಬಿಡು.”

ಹೊಸ್ತಿಲು ದಾಟಿ ಬಂದು ಕೂಸಿಗೆ ಕೈ ನೀಡಿದಳು. ಕುದಿಯುವ ನೀರಿನಿಂದ ಗಾಜಿನ ಸಿರಿಂಜು ಎತ್ತುತ್ತಿದ್ದ ದಿಲ್ಶಾದ್ ಅದನ್ನು ಅಲ್ಲೇ ಬಿಟ್ಟು ನಡುವೆ ಬಂದಳು.

“ಮುಟ್ಬೇಡ್ರಿ ಅಜ್ಜಿ. ಮೊದ್ಲು ಕೈ ತೊಳ್ಕಳ್ರಿ.”

“ನಮ್ಮಾಗೆ ಮುಟ್ಟಿದ್ ಮ್ಯಾಲೆ ತೊಳ್ಕಳಾದು ತಾಯಿ.”

“ಕೂಸಿನ ಮೈಯಾಗೆ ಏನೂ ಇಲ್ಲ. ಅದಕ್ಕೆ ಬರೋದೇನಿದ್ರೂ ನಮ್ಮಂಥೋರ ಕೈಯಿಂದ.”

ಜುಂಜಮ್ಮ ಅಂಗೈ ತಿರುಗಿಸಿ ನೋಡಿಕೊಂಡಳು. ನಲ್ಲಿಯ ಬಳಿ ಹೋಗಿ ಕೆಂಪು ಸೋಪನ್ನು ಮೊಣಕೈವರೆಗೆ ತಿಕ್ಕಿದಳು. ಉಗುರಿನ ಸಂದಿಯ ಸುಣ್ಣ ಕೆರೆದಳು. ಸೆರಗಿಗೆ ಒರೆಸಿಕೊಳ್ಳಬೇಡಿ ಎಂದು ದಿಲ್ಶಾದ್ ಹೇಳಿದ್ದರಿಂದ, ನೀರು ತೊಟ್ಟಿಕ್ಕುವ ಕೈಗಳನ್ನು ಹಾಗೇ ಮುಂದೆ ಹಿಡಿದುಕೊಂಡು ಬಂದು, ಮಂಚದಿಂದ ಒಂದು ಮಾರು ದೂರದಲ್ಲೇ ನಿಂತಳು. ನರ್ಸಿನ ಕಡೆ ನೋಡಲಿಲ್ಲ. ಸೊಸೆಯನ್ನು ಕೇಳಿದಳು:

“ಈಗ ನಾನು ಮುಟ್ಬಹುದೇನೇ, ಯಲ್ಲಿ?”